ಕೊಡೆಯಲ್ಲಿ ಅಳೆದ ಅಮ್ಮ

ಅನುಮತಿ ಇಲ್ಲದೆ ಕಟ್ಟಿದ್ದರ ಬಗ್ಗೆ ದೂರು ತೆಗೆದುಕೊಳ್ಳುವ ಪಾಲಿಕೆಯ ಮೇಜಿನ ಹಿಂದೆ ಕೂತ ನನ್ನಂಥವನಿಗೆ ನಗುವಿಗೆ ಬರ ಇಲ್ಲ. ಹೆಚ್ಚಿನವರು ಹೆಸರು ಹಾಕದೆ ದೂರು ಕೊಡುತ್ತಾರೆ. ಮರುದಿನ ಬೆಳಿಗ್ಗೆ ಅದೇ ನೆರೆಮನೆಯವರ ಮುಖ ನೋಡಬೇಕಲ್ಲ! ಹೆಸರು, ವಿಳಾಸ, ಸಹಿ ಮೂರೂ ಹಾಕಿ ಕೊಡುತ್ತಿದ್ದವರು ಕುಲಶೇಖರ ಬಡಾವಣೆಯ ಒಬ್ಬ ಅಮ್ಮ ಮಾತ್ರ. ಅವರ ಓಣಿಯ ಮಳೆನೀರು ಹೋಗಲಿಕ್ಕೆ ಇರುವುದು ಒಂದೇ ಚರಂಡಿ. ಅದಕ್ಕೆ ಯಾರು ಅಡ್ಡ ಕಟ್ಟಿದರೂ ನೀರು ನುಗ್ಗುವುದು ತಗ್ಗಿನಲ್ಲಿರುವ ಬ್ಯಾರಿ ಮುಸ್ಲಿಂ ಅಂಗಡಿಯವರ ಮನೆಗೆ. ಅಮ್ಮನ ಮನೆ ದಿಬ್ಬದ ಮೇಲೆ, ಅವರ ಹೊಸಿಲಿಗೆ ಒಂದು ಹನಿಯೂ ಬರುವುದಿಲ್ಲ. ಆದರೂ ದೂರು ಅವರದ್ದೇ.

1. ಕೊಡೆ

"ಹೊಸ ಮನೆಯ ಗೋಡೆಗೂ ಚರಂಡಿಗೂ ನಡುವೆ ನನ್ನ ಕೊಡೆ ಬಿಡಿಸಲಿಕ್ಕೆ ಆಗುವುದಿಲ್ಲ" ಎಂಬುದು ಅವರ ಮೊದಲ ದೂರು. ಇಡೀ ಕಚೇರಿ ನಕ್ಕಿತು. ಇಂಜಿನಿಯರ್ ಟೇಪು ಹಿಡಿದು ಹೋದರು.

"ಬೇಕಾದಷ್ಟು ಜಾಗ ಬಿಟ್ಟಿದ್ದೇನೆ ಸರ್" ಎಂದ ಮನೆಯವ.

ಅಮ್ಮ ಆ ಸಂದಿಗೆ ಹೋಗಿ ಕೊಡೆಯ ಗುಂಡಿ ಒತ್ತಿದರು. ಕೊಡೆ ಅರ್ಧದಲ್ಲೇ ಸಿಕ್ಕಿಕೊಂಡಿತು. ಟೇಪೂ ಅದನ್ನೇ ಹೇಳಿತು. ಅಂದಿನಿಂದ ನಮ್ಮ ಇಂಜಿನಿಯರ್ ಮಳೆ ಇರಲಿ, ಬಿಡಲಿ, ಕೊಡೆ ಹಿಡಿದೇ ಸೈಟಿಗೆ ಹೋಗುತ್ತಾರೆ.

2. ಚಪ್ಪರ

ಇನ್ನೊಬ್ಬರು ಚರಂಡಿಯ ಮೇಲೆ ಶೀಟಿನ ಶೆಡ್ಡು ಹಾಕಿದ್ದರು. "ಮಗನ ಮದುವೆಯ ಚಪ್ಪರ ಸರ್, ಮದುವೆ ಮೊನ್ನೆಯಷ್ಟೇ ಮುಗಿಯಿತು" ಎಂದರು.

ಅಮ್ಮ ದೂರಿಗೆ ಎರಡು ದಾಖಲೆ ಲಗತ್ತಿಸಿದ್ದರು: ಆ ಮದುವೆಯ ಕಾಗದ, ಅದೇ ಜೋಡಿಯ ಮಗುವಿನ ನಾಮಕರಣದ ಕಾಗದ. ಕೆಳಗೆ ಒಂದು ಷರಾ: "ಮಗು ಈಗ ಅಂಗನವಾಡಿಗೆ ಹೋಗ್ತಾ ಉಂಟು. ಎರಡೂ ಊಟಕ್ಕೆ ನಾನು ಹೋಗಿದ್ದೇನೆ. ಪಾಯಸ ಲಾಯ್ಕಿತ್ತು."

3. ಓನರ್

ಈ ಮೇ ತಿಂಗಳಲ್ಲಿ ಮತ್ತೆ ಬಂದರು. ಯಾರೋ ಕಾರು ನಿಲ್ಲಿಸಲು ಚರಂಡಿ ಮುಚ್ಚಿ ಕಾಂಕ್ರೀಟು ಹಾಕಿಸಿದ್ದರಂತೆ. ವಿಳಾಸ ಓದಿ, "ಅಮ್ಮ, ತಪ್ಪಿ ನಿಮ್ಮದೇ ಮನೆ ನಂಬರ್ ಬರೆದಿದ್ದೀರಿ" ಎಂದೆ.

"ತಪ್ಪಿಲ್ಲ ಮಾರಾಯ್ರೆ. ನಾನು ಬಜಪೆಯಲ್ಲಿ ಮಗಳ ಮನೆಯಲ್ಲಿದ್ದಾಗ, ದುಬೈಯಿಂದ ರಜೆಗೆ ಬಂದ ಮಗ ಹಾಕಿಸಿದ್ದು. ನಾನು ಹೇಳಿದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡ್ತಾನೆ. ನೀವು ಸೀಲು ಹಾಕಿ ಹೇಳಿ."

ನೋಟಿಸು ಹಿಡಿದು ಹೋದೆವು. ಮಗ ಕೆಂಡವಾದ. "ಯಾರು ಕಂಪ್ಲೇಂಟ್ ಕೊಟ್ಟದ್ದು? ಆ ಅಂಗಡಿಯವರಾ?" ಎನ್ನುತ್ತಾ ಗೇಟಿನತ್ತ ಹೊರಟೇಬಿಟ್ಟ. ಅಷ್ಟರಲ್ಲಿ ಅಮ್ಮ ಚಹಾ ಹಿಡಿದು ಹೊರಗೆ ಬಂದರು.

"ಅವರನ್ನು ಎಂತಕ್ಕೆ ಬೈಯುವುದು? ಕೊಟ್ಟದ್ದು ನಾನು. ಸಣ್ಣವನಿರುವಾಗ ನಿನಗೆ ಜ್ವರ ಏರಿದ ದಿನ, ಈ ಓಣಿಯ ಸೊಂಟಮಟ್ಟ ನೀರಿನಲ್ಲಿ ನಿನ್ನನ್ನು ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಓಡಿದ್ದು ಅವರು. ಈಗ ಅವರ ಮನೆಗೆ ನೀರು ಬಿಡ್ತೀಯಾ?"

ಮಗ ಗೇಟಿನ ಬಳಿಯಿಂದ ಹಿಂದಿರುಗಿದ. ನಾನು ಮನಸ್ಸಿನಲ್ಲೇ ಆ ತಾಯಿಗೆ ಕೈ ಮುಗಿದೆ.

ನೋಟಿಸು ತಲುಪಿದ್ದಕ್ಕೆ ಮನೆ ಮಾಲೀಕರ ಸಹಿ ಬೇಕಿತ್ತು. ಮನೆ ಇದ್ದದ್ದು ಅಮ್ಮನ ಹೆಸರಿನಲ್ಲಿ. ಕನ್ನಡಕ ಏರಿಸಿ ಸಹಿ ಹಾಕಿದರು. ಹೊರಡುವಾಗ ನನ್ನನ್ನು ಗೇಟಿನ ಬಳಿ ಕರೆದು, ತಗ್ಗಿದ ದನಿಯಲ್ಲಿ ಹೇಳಿದರು:

"ಮಳೆ ಹಿಡಿಯುವ ಮೊದಲು ಒಡೆಸಿ ಆಯ್ತಾ? ಈ ಮನೆಯ ಓನರ್ ಭಾರೀ ಹಟದ ಹೆಂಗಸು. ಚಹಾ ಕೊಟ್ಟರು ಅಂತ ಬಿಟ್ಟುಬಿಡಬೇಡಿ!"