ರೈಟ್ ಅನ್ನದೆ ಹೊರಡದ ಮಾವ

ನಮ್ಮ ಮಾವನವರನ್ನು ಇದ್ದಲ್ಲಿಂದ ಅಲ್ಲಾಡಿಸಲು ಯಾರಿಂದಲೂ ಆಗುವುದಿಲ್ಲ. ಇದು ಉತ್ಪ್ರೇಕ್ಷೆಯಲ್ಲ, ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ಉತ್ಪ್ರೇಕ್ಷೆಗಳನ್ನು ಹೊಡೆದುಹಾಕುವುದೇ ನನ್ನ ಕೆಲಸ. ಕಾರಿನಲ್ಲಿ ಕೂತು, ಬೆಲ್ಟ್ ಹಾಕಿ, ಎಂಜಿನ್ ಚಾಲೂ ಮಾಡಿದ ಮೇಲೂ ಅವರು ಹೊರಡುವುದಿಲ್ಲ. ಹಿಂದಿನಿಂದ ಯಾರಾದರೂ ‘ರೈಟ್, ರೈಟ್’ ಅನ್ನಬೇಕು. ಆಮೇಲೇ ಗಾಡಿ ಮುಂದಕ್ಕೆ!

ಇಡೀ ಸರ್ವೀಸು ಸಿಟಿ ಬಸ್ ಓಡಿಸಿದವರು. ಕಂಡಕ್ಟರ್ ಹೇಳದೆ ಕ್ಲಚ್ಚಿನಿಂದ ಕಾಲು ತೆಗೆದು ಗೊತ್ತಿಲ್ಲ. ನಿವೃತ್ತಿಯ ನಂತರ ಕಂಡಕ್ಟರ್ ಹುದ್ದೆ ಅತ್ತೆಯವರ ಪಾಲಿಗೆ ಬಂತು. ಒಮ್ಮೆ ಪೆಟ್ರೋಲ್ ಬಂಕಿನಲ್ಲಿ ಅತ್ತೆ ಫೋನಿನಲ್ಲಿ ತಂಗಿಯ ಜೊತೆ ಮಾತಿಗೆ ಬಿದ್ದರು. ಹಿಂದೆ ಹಾರ್ನುಗಳ ಮೇಳ. ಮಾವ ಮಾತ್ರ ಸಮಾಧಿ ಸ್ಥಿತಿ!

“ರೀ, ಹೋಗ್ರೀ ಮುಂದೆ!”

“ಅದು ಜಗಳದ ಮಾತು ಕಣೇ. ಸರಿಯಾಗಿ ಹೇಳು.”

ಇಂಥವರ ಕೈಗೆ ನನ್ನ ಹೆರಿಗೆ ಸಿಕ್ಕಿತು. ಚೊಚ್ಚಲಿಗೆ ತವರಿಗೆ ಹೋಗಬೇಕಿತ್ತು. ಅಮ್ಮನಿಗೆ ಮಂಡಿ ಆಪರೇಷನ್ ಆಗಿದ್ದರಿಂದ ಮಲ್ಲತ್ತಹಳ್ಳಿಯ ಈ ಮನೆಯಲ್ಲೇ ಉಳಿದೆ. ಆಸ್ಪತ್ರೆ ರಾಜಾಜಿನಗರದಲ್ಲಿ. ಗಂಡನಿಗೆ ಪೀಣ್ಯದಲ್ಲಿ ಶಿಫ್ಟ್ ಕೆಲಸ. ನನಗಿದ್ದ ಭಯ ಒಂದೇ: ಮಗು ಮಾಗಡಿ ರಸ್ತೆಯ ಸಿಗ್ನಲ್ಲಿನಲ್ಲಿ ಹುಟ್ಟಿಬಿಟ್ಟರೆ?

“ಯಾವುದಕ್ಕೂ ಒಂದು ಕ್ಯಾಬಿಗೆ ಹೇಳಿಡೋಣ ಮಾವ” ಅಂದೆ.

“ಮನೇಲಿ ಡ್ರೈವರ್ ಇಟ್ಕೊಂಡು ಕ್ಯಾಬಾ? ನಕ್ಕಾರು ಕಣಮ್ಮ!”

ಕೊನೆಯ ವಾರಗಳಲ್ಲಿ ಪಾದ ಊದಿಕೊಂಡು ಗಂಡನ ಚಪ್ಪಲಿಯೇ ಗತಿಯಾಯಿತು. ಮಗ್ಗುಲು ಬದಲಿಸುವುದೂ ಒಂದು ಕಾರ್ಯಕ್ರಮ. ಬಾತ್‌ರೂಮಿನಿಂದ ಬಂದು ಕೂರುವಷ್ಟರಲ್ಲಿ ಮತ್ತೆ ಕರೆ! ತಪಾಸಣೆಯಲ್ಲಿ ಡಾಕ್ಟರು, “ಮಗು ಕೆಳಗಿಳಿದಿದೆ, ತಲೆ ಸರಿಯಾದ ಜಾಗದಲ್ಲಿದೆ. ನೀರು ಹೋದ್ರೆ ನೋವಿಗೆ ಕಾಯ್ಬೇಡಿ, ಹೊರಟು ಬನ್ನಿ. ಮಗುವಿನ ಅಲುಗಾಟ ಕಮ್ಮಿ ಅನ್ನಿಸಿದ್ರೂ ಬನ್ನಿ” ಅಂದರು. ಅತ್ತೆ ಅದನ್ನು ಮನೆಯಲ್ಲಿ ವರದಿ ಮಾಡಿದರು. ಮಾವ ತಲೆದೂಗಿದರು: “ಅಂದ್ರೆ ಫುಟ್‌ಬೋರ್ಡಿಗೆ ಬಂದಿದೆ. ಇನ್ನು ಸ್ಟಾಪ್ ಬರೋದೊಂದೇ ಬಾಕಿ!”

ಮರುದಿನವೇ ‘ಟ್ರಯಲ್’. ಅತ್ತೆ, ನಾನು ಹಿಂದೆ. ನನ್ನ ಪಕ್ಕದಲ್ಲಿ ಹಳೆಯ ಮೆತ್ತನೆ ಸೀರೆ ತುಂಡುಗಳ ಆಸ್ಪತ್ರೆ ಬ್ಯಾಗು. ನಾಗರಭಾವಿ ದಾಟುವವರೆಗೆ ಎಲ್ಲವೂ ಸುಸೂತ್ರ. ಅಷ್ಟರಲ್ಲಿ ಬಸ್ ಸ್ಟಾಪೊಂದು ಕಂಡಿತು. ಅಭ್ಯಾಸಬಲದಿಂದ ಕಾರು ಎಡಕ್ಕೆ ಸರಿದು ನಿಂತೇಬಿಟ್ಟಿತು! ಹೂವಿನ ಬುಟ್ಟಿ ಹಿಡಿದ ಹೆಂಗಸೊಬ್ಬರು ಕಿಟಕಿಗೆ ಬಗ್ಗಿದರು.

“ಮಾರ್ಕೆಟ್ ಹೋಗತ್ತಾ ಸಾರ್?”

“ಇಲ್ಲಮ್ಮ. ಹಿಂದೆ ಖಾಲಿ ಗಾಡಿ ಬರ್ತಾ ಇದೆ, ಅದಕ್ಕೆ ಬನ್ನಿ.”

ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ವಾರಗಳಲ್ಲಿ ಹಾಗೆ ನಗುವುದು ಎಷ್ಟು ಅಪಾಯ ಎಂಬುದನ್ನು ಅನುಭವಸ್ಥರೇ ಬಲ್ಲರು!

ಒಂದು ಬೆಳಿಗ್ಗೆ ಹೊಟ್ಟೆ ಕಲ್ಲಿನಂತೆ ಬಿಗಿಯಿತು. ಮಾವ ಆಸ್ಪತ್ರೆಗೆ ಮುಟ್ಟಿಸಿದರು. ಪರೀಕ್ಷೆ ಮಾಡಿದ ಡಾಕ್ಟರು, “ಸುಳ್ಳು ನೋವು. ಮನೆಗೆ ಹೋಗಿ ಆರಾಮಾಗಿರಿ” ಅಂದರು. ಖಚಿತಪಡಿಸಿಕೊಳ್ಳದೆ ಸುದ್ದಿ ಕೊಡಬಾರದೆಂದು ಕಿರಿಯರಿಗೆ ಪಾಠ ಹೇಳುವವಳು, ನನ್ನ ಹೊಟ್ಟೆಯೇ ಕೊಟ್ಟ ಸುಳ್ಳು ಸುದ್ದಿಗೆ ಏನನ್ನಲಿ? ಪೆಚ್ಚಾಗಿ ಕಾರು ಹತ್ತಿದೆ. ಮಾವನಿಗೆ ಬೇಜಾರಿಲ್ಲ.

“ಡಿಪೋಗೆ ವಾಪಸ್. ಇದೆಲ್ಲ ಇದ್ದಿದ್ದೇ.”

ಕಾರು ಕದಲಲಿಲ್ಲ. ಸಿಟ್ಟು ಬಂತು. “ಅಷ್ಟು ವರ್ಷ ಬಸ್ ಓಡಿಸಿದೀರ, ಹೊರಡೋಕೆ ಇನ್ನೊಬ್ಬರು ಯಾಕೆ ಹೇಳ್ಬೇಕು ಮಾವ?”

ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. “ಡ್ರೈವರಿಗೆ ಮುಂದಿನ ರಸ್ತೆ ಕಾಣತ್ತಮ್ಮ. ಹಿಂದೆ ಯಾರ ಕಾಲು ಮೆಟ್ಟಿಲ ಮೇಲಿದೆ ಅಂತ ಕಾಣಲ್ಲ.”

ಅತ್ತೆ ಮೆಲ್ಲಗೆ ‘ರೈಟ್’ ಅಂದರು.

ಮುಂದಿನ ವಾರ, ಶಾಲೆಗಳು ಬಿಡುವ ಹೊತ್ತಿಗೇ ಸರಿಯಾಗಿ ನೀರು ಹೋಯಿತು. ಹಿಂದೆಯೇ ನೋವು, ಈ ಸಲ ಅದರ ಸತ್ಯಾಸತ್ಯತೆಯ ಪ್ರಶ್ನೆಯೇ ಬರಲಿಲ್ಲ! ಕಾರಿನಲ್ಲಿ ಅತ್ತೆ ನನ್ನ ಕೈ ಹಿಡಿದು ಕಣ್ಣು ಮುಚ್ಚಿ, ‘ಶಿವಾ, ಶಿವಾ’ ಎಂದು ಶುರುಮಾಡಿದರು. ಎಂಜಿನ್ ಗುರುಗುಟ್ಟುತ್ತಿತ್ತು. ಕಾರು ನಿಂತಲ್ಲೇ! ಕನ್ನಡಿಯಲ್ಲಿ ಮಾವನ ಹಣೆ ಬೆವೆತಿತ್ತು. ಕೈ ಗೇರಿನ ಮೇಲೆ ಕಾದಿತ್ತು. ಊರನ್ನೆಲ್ಲ ಹೊತ್ತು ತಿರುಗಿದ ಕೈ!

ಒಂದು ನೋವು ಇಳಿದು ಇನ್ನೊಂದು ಏರುವ ಸಂದಿನಲ್ಲಿ ನಾನೇ ಕೂಗಿದೆ: “ರೈಟ್! ರೈಟ್ ರೈಟ್!”

ಗೇರು ಬಿತ್ತು. ಆಮೇಲೆ ಮಾಗಡಿ ರಸ್ತೆಯಲ್ಲಿ ಕಾರು ಹೋದ ಬಗೆಯನ್ನು ವರ್ಣಿಸಲಾರೆ. ನಾನು ಕಣ್ಣು ಬಿಟ್ಟಿರಲಿಲ್ಲ. ಹಂಪುಗಳೆಲ್ಲ ಎಲ್ಲಿ ಹೋದವೋ, ಒಂದೂ ನನ್ನ ಸೊಂಟಕ್ಕೆ ತಿಳಿಯಲಿಲ್ಲ. ದಾರಿಯಲ್ಲಿ ಒಂದು ಬಸ್ ಸ್ಟಾಪಿಗೂ ಅವರು ಕಾರು ನಿಲ್ಲಿಸಲಿಲ್ಲವೆಂದು ಅತ್ತೆ ಇಂದಿಗೂ ಆಶ್ಚರ್ಯಪಡುತ್ತಾರೆ.

ಹೆಣ್ಣು ಮಗು. ವಾರ್ಡಿನ ಬಾಗಿಲಲ್ಲಿ ನರ್ಸ್ ಅದನ್ನು ಮಾವನ ಕೈಗಿಟ್ಟು, “ತಾಯಿ ಹತ್ರ ಕೊಡಿ ತಾತ” ಎಂದು ಮುಂದಿನ ಹಾಸಿಗೆಗೆ ಹೋದರು. ಬಾಗಿಲಿನಿಂದ ನನ್ನ ಮಂಚಕ್ಕೆ ಏನು ಮಹಾ ದೂರ? ಮಾವ ನಿಂತೇ ಇದ್ದರು. ಸೀರೆ ತುಂಡಿನಲ್ಲಿ ಸುತ್ತಿದ ಗಂಟನ್ನು ಎದೆಗೊತ್ತಿಕೊಂಡು, ಕೆಳಗೆ ತಮ್ಮ ಪಾದವನ್ನೊಮ್ಮೆ, ನನ್ನನ್ನೊಮ್ಮೆ ನೋಡುತ್ತಿದ್ದರು.

“ಬನ್ರೀ” ಅಂದರು ಅತ್ತೆ.

“ತಾಳೇ... ಸರಿಯಾಗಿ ಹಿಡ್ಕೊಂಡಿದೀನಾ ನೋಡು.”

ನನ್ನಲ್ಲಿ ದನಿಯೇ ಉಳಿದಿರಲಿಲ್ಲ. ಇದ್ದಷ್ಟರಲ್ಲೇ ಹೇಳಿದೆ: “ರೈಟ್, ಮಾವ.”

ಅವರು ಕಾಲು ಎತ್ತಿಟ್ಟರು.