ಮೂರು ವರ್ಷ ಬಾಳಿಕೆ ಬರುವ ಲ್ಯಾಪ್‌ಟಾಪ್

ಜುಲೈ ಹನ್ನೆರಡು, ಶನಿವಾರ. ಕಡೂರಿನಲ್ಲಿ ಬೆಳಿಗ್ಗೆಯಿಂದ ಮೋಡ, ಜೋರು ಗಾಳಿ. ಮಳೆ ಇಲ್ಲ.

ಸೋಮವಾರ ಮಗಳಿಗೆ ತರೀಕೆರೆಯಲ್ಲಿ ಬಿಸಿಎ ತರಗತಿ ಶುರು. ಮೊದಲ ದಿನವೇ ಲ್ಯಾಪ್‌ಟಾಪ್ ತರಬೇಕೆಂದು ಕಾಲೇಜಿನವರು ಹೇಳಿದ್ದರು. ನನ್ನ ಕೈಲಿ ಕೊಡಿಸಲಾಗುವುದು ಒಂದೇ ಸಲ. ಮೂರು ವರ್ಷ, ದಿನಕ್ಕೆರಡು ಬಾರಿ ಬಸ್ಸಿನ ನೂಕಾಟ ತಡೆದುಕೊಳ್ಳುವಂಥದ್ದು ಬೇಕು. ಕಡೂರಿನ ಅಂಗಡಿಯೊಂದರಲ್ಲಿ ಬೂದು ಬಣ್ಣದ್ದೊಂದನ್ನು ಅವಳು ಮೂರು ವಾರದ ಹಿಂದೆಯೇ ನೋಡಿಟ್ಟಿದ್ದಳು. "ಅಪ್ಪ, ಲೋಹದ ಬಾಡಿ, ಬ್ಯಾಟರಿ ಎಂಟು ಗಂಟೆ ಬರುತ್ತೆ. ಮೂರೇ ಪೀಸ್ ಇರೋದು" ಎಂದಿದ್ದಳು.

ಅವತ್ತೇ ಕೊಂಡಿದ್ದರೆ ಇದನ್ನೆಲ್ಲ ಬರೆಯುವ ಪ್ರಮೇಯ ಇರುತ್ತಿರಲಿಲ್ಲ. "ಗಟ್ಟಿಯಾದ್ದು ಯಾವುದು, ತಿಳಿದವರನ್ನ ಕೇಳೋಣ" ಎಂದುಬಿಟ್ಟೆ. ನಾನು ವಾಚನಾಲಯ ನೋಡಿಕೊಳ್ಳುವವನು. ಅಲ್ಲಿ ಒಬ್ಬರನ್ನು ಕೇಳಿದರೆ ಆರು ಜನ ಪೇಪರ್ ಮಡಚಿಟ್ಟು ಉತ್ತರ ಹೇಳುತ್ತಾರೆ. ಇಂಥವು ನನಗೆ ಆಗುತ್ತಲೇ ಇರುತ್ತವೆ. ತಪ್ಪು ಕೇಳುವವನದೇ.

ಕಿವಿಯ ಪರೀಕ್ಷೆ

ಆ ಆರು ಜನರಲ್ಲಿ ಪಂಚನಹಳ್ಳಿಯ ಕೊಬ್ಬರಿ ವ್ಯಾಪಾರಿಯೊಬ್ಬರಿದ್ದರು. "ಮಾಲು ನೋಡೋದು ನನಗೆ ಬಿಡಿ ಮೇಷ್ಟ್ರೇ. ಕಡೂರಲ್ಲಿ ಬೇಡ, ತರೀಕೆರೆಗೆ ಹೋಗನ" ಎಂದರು. ನಾನು ಮೇಷ್ಟ್ರಲ್ಲ. ಪುಸ್ತಕದ ಹತ್ತಿರ ಕೂತವರೆಲ್ಲ ಅವರಿಗೆ ಮೇಷ್ಟ್ರು.

ಮಗಳನ್ನೂ ಕರೆದುಕೊಂಡು ಹೋದೆವು. ತರೀಕೆರೆಯಲ್ಲಿ ಜಿಟಿಜಿಟಿ ಮಳೆ. ಅಂಗಡಿಗೆ ಹೋದವರೇ ಅವರು ಒಂದೊಂದು ಲ್ಯಾಪ್‌ಟಾಪನ್ನೂ ಎತ್ತಿ ಕಿವಿಯ ಹತ್ತಿರ ಹಿಡಿದು ಕುಲುಕಿದರು. ಉಂಡೆ ಕೊಬ್ಬರಿ ಒಣಗಿದೆಯೋ ಇಲ್ಲವೋ ನೋಡುವುದು ಹಾಗೆಯೇ. ಒಳಗೆ ಗಡಗಡ ಎಂದರೆ ಪಕ್ಕಾ ಮಾಲು.

"ಹಸಿ," ಎಂದು ಒಂದನ್ನು ಇಟ್ಟರು. "ಇದೂ ಹಸಿ." ಅಂಗಡಿಯ ಹುಡುಗಿ ಎರಡೂ ಕೈ ಚಾಚಿಕೊಂಡು ಅವರ ಹಿಂದೆಯೇ ಓಡಾಡುತ್ತಿದ್ದಳು, ಬಿದ್ದರೆ ಹಿಡಿಯಲೆಂದು. ಹನ್ನೊಂದು ಲ್ಯಾಪ್‌ಟಾಪ್ ಹಸಿಯಾದವು. ಕೊನೆಗೆ ಮೂಲೆಯ ಮೇಜಿನಿಂದ ಒಂದನ್ನೆತ್ತಿ ಕುಲುಕಿದರು. ಅವರ ಮುಖ ಅರಳಿತು.

"ಇದು ನೋಡಿ ಮೇಷ್ಟ್ರೇ, ಗಟ್ಟಿ ಮಾಲು! ಎಷ್ಟಮ್ಮ ಇದು?"

"ಅದು ಮಾರೋಕಲ್ಲ ಯಜಮಾನ್ರೇ," ಎಂದಳು ಹುಡುಗಿ. "ಕೆಳಗೆ ಬಿದ್ದು ರಿಪೇರಿಗೆ ಬಂದಿರೋದು."

ವಾಪಸು ಬರುವಾಗ ಬಸ್ಸಿನಲ್ಲಿ ಮಗಳು ಫೋನ್ ನೋಡಿ, "ನಮ್ಮೂರಿನ ಅಂಗಡೀಲಿ ಈಗ ಎರಡೇ ಪೀಸ್ ಇವೆಯಂತೆ" ಎಂದಳು.

ಸ್ಟಾರ್ಟರ್

ಪಕ್ಕದ ಮನೆಯವನು ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುತ್ತಾನೆ. ಕಾಂಪೌಂಡಿನ ಮೇಲಿಂದಲೇ ಕೇಳಿದ: "ವಾರಂಟಿ ಎಷ್ಟ್ರೀ?"

"ಒಂದು ವರ್ಷ."

"ಹಂಗಾದ್ರೆ ಒಂದು ವರ್ಷದ ಮೇಲೆ ಒಂದು ದಿನಕ್ಕೆ ಸುಟ್ಟೋಯ್ತದೆ. ನಮ್ಮ ಕರೆಂಟು ನಂಬಬ್ಯಾಡಿ ಕಣ್ರೀ."

ಸಂಜೆ ಅವನೇ ಒಂದು ಕಬ್ಬಿಣದ ಪೆಟ್ಟಿಗೆ ಹೊತ್ತುಕೊಂಡು ಬಂದ. ಮೋಟಾರಿನ ಸ್ಟಾರ್ಟರ್. ಹಸಿರು ಗುಂಡಿ, ಕೆಂಪು ಗುಂಡಿ. "ಇದರಿಂದ ಕೊಟ್ರೆ ಯಾವ ವೋಲ್ಟೇಜಿಗೂ ಅಲ್ಲಾಡಲ್ಲ. ದುಡ್ಡು ಬ್ಯಾಡ, ಮಗಳು ಓದೋಕಲ್ವಾ."

ಮಗಳು ಅದನ್ನು ಎತ್ತಲು ನೋಡಿದಳು. ಅದು ಕದಲಲಿಲ್ಲ. "ಅಂಕಲ್, ಇದನ್ನೂ ದಿನಾ ಬಸ್ಸಲ್ಲಿ ತಗೊಂಡೋಗ್ಬೇಕಾ?"

ಅವನು ಗಲ್ಲ ಕೆರೆದುಕೊಂಡು ಯೋಚಿಸಿದ. "ಭಾರ ಅನ್ಸಿದ್ರೆ ಒಂದ್ ಕೆಲ್ಸ ಮಾಡವ್ವ. ಲ್ಯಾಪ್‌ಟಾಪ್ ಮನೇಲಿ ಬಿಟ್ಟೋಗು."

ಹನ್ನೊಂದು ವರ್ಷದ ದಾಖಲೆ

ಅಜ್ಜಂಪುರದಲ್ಲಿರುವ ನನ್ನ ಚಿಕ್ಕಪ್ಪ ಫೋನ್ ಮಾಡಿ, "ಲೇ, ಅಂಗಡಿಯವರನ್ನ ಏನ್ ಕೇಳ್ತೀಯೋ? ನಮ್ಮನೇಲಿ ಹನ್ನೊಂದು ವರ್ಷದ್ದು ಐತೆ, ಒಂದು ದಿನ ಕೈ ಕೊಟ್ಟಿಲ್ಲ. ಬಂದು ನೋಡು, ಅಂಥದ್ದೇ ತಗೋ" ಎಂದರು. ಹನ್ನೊಂದು ವರ್ಷವೆಂದರೆ ಸಾಮಾನ್ಯವಲ್ಲ. ಮಗಳಿಗೆ ಮನಸ್ಸಿರಲಿಲ್ಲ, ಆದರೂ ಕಂಪನಿ, ಮಾಡೆಲ್ ಬರೆದುಕೊಳ್ಳಲು ಪುಸ್ತಕ ಹಿಡಿದು ಹೊರಟಳು.

ಚಿಕ್ಕಪ್ಪ ಕಾಲು ತೊಳೆದು ಬಂದು ಬೀರು ತೆಗೆದರು. ಕೆಂಪು ರೇಷ್ಮೆ ವಸ್ತ್ರ, ಅದರೊಳಗೆ ಬಿಳಿ ಪಂಚೆ, ಅದರೊಳಗೆ ಲ್ಯಾಪ್‌ಟಾಪ್. ಮುಚ್ಚಳದ ಮೇಲೆ ಮೂರು ಬೆರಳ ವಿಭೂತಿ, ನಡುವೆ ಕುಂಕುಮ. ಎಲ್ಲೂ ಒಂದು ಗೀರಿಲ್ಲ.

"ತಾತ, ಇದರಲ್ಲಿ ಏನೇನು ಕೆಲಸ ಮಾಡ್ತೀರಿ?" ಎಂದು ಮಗಳು ಪೆನ್ನು ಹಿಡಿದು ಕೇಳಿದಳು.

"ಕೆಲಸಾನಾ?" ಚಿಕ್ಕಪ್ಪನಿಗೆ ಪ್ರಶ್ನೆಯೇ ಹಿಡಿಸಲಿಲ್ಲ. "ಆಯುಧಪೂಜೆಗೆ ತೆಗೀತೀವಿ, ಪೂಜೆ ಮಾಡಿ ಇಡ್ತೀವಿ. ಕೆಲಸ ಮಾಡಿದ್ರೆ ಉಳೀತದಾ?"

ಕಡೂರಿಗೆ ಬರುವಷ್ಟರಲ್ಲಿ ಅಂಗಡಿಯಲ್ಲಿ ಒಂದೇ ಪೀಸು ಉಳಿದಿತ್ತು.

ಟವೆಲ್ ವ್ಯಾಪಾರ

ಇವತ್ತು, ಶನಿವಾರ ಬೆಳಿಗ್ಗೆ ಮಗಳು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಳು. ಅರವತ್ತು ಸಾವಿರ ಲಕೋಟೆಗೆ ಹಾಕಿಕೊಂಡು ಹೊರಡುವಾಗ ಯಗಟಿಯಿಂದ ನನ್ನ ಭಾವಮೈದ ಬಂದಿಳಿದ. ಕುರಿ ವ್ಯಾಪಾರ ಅವನದು. ವಿಷಯ ಕೇಳಿ ಲಕೋಟೆಗೆ ಕೈ ಚಾಚಿದ. "ಇತ್ಲಾಗ್ ಕೊಡಿ ಭಾವ. ವ್ಯಾಪಾರ ಮಾಡೋನ ಹತ್ರ ದುಡ್ಡಿರ್ಬೇಕು. ನಿಮಗೆ ಮಾತಾಡಕ್ ಬರಲ್ಲ." ಅದು ನಿಜ. ಕೊಟ್ಟೆ.

ಅಂಗಡಿಯವನು ಬೂದು ಲ್ಯಾಪ್‌ಟಾಪನ್ನು ಗಾಜಿನ ಮೇಜಿನ ಮೇಲಿಟ್ಟ. ಭಾವಮೈದ ಬೆನ್ನು ಸವರಿದ, ಎತ್ತಿ ತೂಕ ನೋಡಿದ. ಮುಚ್ಚಳ ತೆಗೆದು ಕೀಲಿಗಳ ಮೇಲೆ ಬೆರಳಾಡಿಸಿ, "ಹಲ್ಲು ಪೂರ್ತಿ ಬಂದವೆ" ಎಂದ. ಮಗಳು ಆಚೀಚೆ ನೋಡಿದಳು.

ಮುಚ್ಚಳದ ಮೇಲೆ ಐವತ್ತೆರಡು ಸಾವಿರದ ಚೀಟಿ ಅಂಟಿಸಿತ್ತು. ನಾನೂ ಮಗಳೂ ಓದಿದೆವು. ಭಾವಮೈದ ಅದರತ್ತ ಕಣ್ಣೂ ಹಾಯಿಸದೆ ಪರಪರ ಕಿತ್ತು ಉಂಡೆ ಮಾಡಿ ಎಸೆದ. "ಕುರಿ ಮೈಮ್ಯಾಲೆ ಯಾರಾದ್ರೂ ರೇಟು ಬರೀತಾರೇನಯ್ಯಾ? ಕೈ ಕೊಡು." ಹೆಗಲ ಟವೆಲ್ ತೆಗೆದು ಮೇಜಿನ ಮೇಲೆ ಹರಡಿದ.

ಸಂತೆಯಲ್ಲಿ ಟವೆಲ್ ಒಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಬಾಯಿ ಬಿಡುವಂತಿಲ್ಲ, ಪಕ್ಕದವರಿಗೆ ತಿಳಿಯಬಾರದು. ಅಂಗಡಿಯವನು ನಮ್ಮನ್ನು ಆಚೆಗೆ ಕಳಿಸುತ್ತಾನೆ ಎಂದುಕೊಂಡೆ. ಅವನು ಕೈಗಡಿಯಾರ ಬಿಚ್ಚಿಟ್ಟ. "ನಮ್ಮಜ್ಜ ಅಜ್ಜಂಪುರದ ಸಂತೇಲಿ ದಲ್ಲಾಳಿ ಆಗಿದ್ರು" ಎಂದು ನಗುತ್ತ ಟವೆಲ್ ಒಳಗೆ ಕೈಯಿಟ್ಟ.

ಟವೆಲ್ ಅಲ್ಲಾಡಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಒಬ್ಬ ಫ್ಯಾನನ್ನೂ ಇನ್ನೊಬ್ಬ ರಸ್ತೆಯನ್ನೂ ನೋಡುತ್ತಿದ್ದರು. ಹತ್ತು ನಿಮಿಷವಾಯಿತು. ಭಾವಮೈದ ಸರಕ್ಕನೆ ಕೈ ಎಳೆದುಕೊಂಡು, "ಬಾರವ್ವ ಹೋಗನ, ಇವ್ನು ಮಾರಾಕ್ ಕೂತಿಲ್ಲ" ಎಂದು ಬಾಗಿಲಿಗೆ ನಡೆದ. ಅದೇ ಹೊತ್ತಿಗೆ ಒಬ್ಬ ತಂದೆ, ಮಗ ಒಳಗೆ ಬಂದು ಬೂದು ಲ್ಯಾಪ್‌ಟಾಪ್ ನೋಡಿ, "ಇದು ಮಾರೋಕಿದೆಯಾ?" ಎಂದರು.

ಮಗಳು ಅದರ ಮೇಲೆ ಎರಡೂ ಕೈ ಊರಿದಳು. "ಇಲ್ಲ" ಎಂದಳು. ಕಣ್ಣಲ್ಲಿ ನೀರಿತ್ತು. "ಮಾವ, ಕೈ ಒಳಗಿಡು."

ಅವನು ಬಂದ. ಟವೆಲ್ ಮತ್ತೆ ಅಲ್ಲಾಡಿತು. ಈ ಸಲ ಎರಡೇ ನಿಮಿಷ. "ಆತು" ಎಂದು ಇಬ್ಬರೂ ಒಟ್ಟಿಗೇ ಹೇಳಿದರು. ಭಾವಮೈದ ನಮಗೆ ಬೆನ್ನು ಮಾಡಿ ಹಣ ಎಣಿಸಿದ, ಉಳಿದದ್ದನ್ನೂ ಬಿಲ್ಲನ್ನೂ ಮಡಚಿ ಜೇಬಿಗಿಟ್ಟ. "ಎಷ್ಟಾಯ್ತೋ?" ಎಂದೆ. "ಅಂಗಡೀಲಿ ಕೇಳಬಾರದು ಭಾವ."

ಮನೆಗೆ ಬಂದಾಗ ಮಗಳು ಲ್ಯಾಪ್‌ಟಾಪನ್ನು ಎದೆಗವಚಿಕೊಂಡೇ ಕೂತಿದ್ದಳು. ನನ್ನ ಹೆಂಡತಿ ತಮ್ಮನಿಗೆ ಮಜ್ಜಿಗೆ ಕೊಟ್ಟು, "ಈಗಲಾದ್ರೂ ಹೇಳೋ, ಎಷ್ಟಕ್ಕೆ ಬಂತು?" ಎಂದಳು.

ಅವನು ಮಜ್ಜಿಗೆ ಕುಡಿದು ಮುಗಿಸಿ, ಮೀಸೆ ಒರೆಸಿಕೊಂಡು ಹೇಳಿದ. "ಐವತ್ತೆರಡು ಸಾವಿರ."

"ಮಾವ! ನೀನು ಕಿತ್ತೆಸೆದ ಚೀಟೀಲಿ ಇದ್ದದ್ದೇ ಐವತ್ತೆರಡು ಸಾವಿರ!"

"ಇರಬೋದು ಕಣವ್ವ," ಎಂದ ಭಾವಮೈದ, ಬಲಗೈ ಬೆರಳು ನೀವಿಕೊಳ್ಳುತ್ತ. "ಟವೆಲ್ ಒಳಗೆ ಅವ್ನು ಅರವತ್ತಕ್ಕೆ ಕೂತಿದ್ದ. ಅಲ್ಲಿಂದ ಐವತ್ತೆರಡಕ್ಕೆ ಇಳ್ಸೋ ಹೊತ್ತಿಗೆ ನನ್ ಜೀವ ಹೋಯ್ತು."