ಹಿಂಡಿ ನೀರೆನಿಸಿಕೊಂಡ ಕಡಲೆಕಾಯಿ ಹಾಲಿನ ವಿಚಾರವಾಗಿ

ಅರಕಲಗೂಡು
ತಾರಣ ಸಂವತ್ಸರದ ಮಾಘ ಬಹುಳ ಪಂಚಮಿ, 1945ನೇ ಇಸವಿ

ಕೋಟೆ ಬೀದಿ ಕ್ಷೀರ ಮಾರಾಟಗಾರರ ಸಂಘದ ಸ್ಥಾಪಕರೂ ಅಧ್ಯಕ್ಷರೂ ಸದ್ಯಕ್ಕೆ ಏಕಮಾತ್ರ ಸದಸ್ಯರೂ ಆದ ಶ್ರೀಮಾನ್ ಪಾಪಯ್ಯನವರ ಸನ್ನಿಧಾನಕ್ಕೆ, ಪೇಟೆ ಬೀದಿಯ ನಿವೃತ್ತ ಹೆಡ್‌ಮಾಸ್ಟರ್ ರುದ್ರಯ್ಯನು ಶರಣು ಶರಣಾರ್ಥಿಗಳನ್ನು ಅರ್ಪಿಸಿ, ಊರಿನವರೆಲ್ಲರೂ ಓದಲೆಂದೇ ಬರೆದುಕೊಳ್ಳುವ ಪತ್ರ.

ಮಾನ್ಯರೇ,

ತಾವೂ ತಮ್ಮ ಎರಡು ಎಮ್ಮೆಗಳೂ ಕ್ಷೇಮವೆಂದು ನಂಬಿದ್ದೇನೆ. ಮೂವತ್ತು ವರ್ಷಗಳ ಕಾಲ ಮಳೆಯೆನ್ನದೆ ಚಳಿಯೆನ್ನದೆ ನಮ್ಮ ಮನೆ ಬಾಗಿಲಿಗೆ ಹಾಲು ತಂದು ಅಳೆದುಕೊಟ್ಟ ತಮ್ಮ ಉಪಕಾರವನ್ನು ಮರೆತವನು ನಾನಲ್ಲ. ಊರ ಕೆರೆ ಬತ್ತಿದ ವರ್ಷ ತಮ್ಮ ಹಾಲು ಇದ್ದಕ್ಕಿದ್ದಂತೆ ಗಟ್ಟಿಯಾದದ್ದನ್ನು ಕಂಡು, ಬರಗಾಲದಲ್ಲೂ ಎಮ್ಮೆಗಳಿಗೆ ತಾವು ಅದೇನು ಮೇವು ಹಾಕುತ್ತಿದ್ದಿರೋ ಎಂದು ನಾವೆಲ್ಲ ಬೆರಗಾದದ್ದು ಇನ್ನೂ ನೆನಪಿದೆ.

ಆ ಮೂವತ್ತು ವರ್ಷವೂ ನನಗೆ ಹೊಟ್ಟೆನೋವಿತ್ತು. ಬೆಳಿಗ್ಗೆ ಒಂದು ಲೋಟ ಹಾಲು ಕುಡಿದು ಶಾಲೆಗೆ ಹೋದರೆ, ಕಳೆಯುವ ಲೆಕ್ಕ ಹೇಳಿಕೊಡುವ ಹೊತ್ತಿಗೆ ನನ್ನ ಹೊಟ್ಟೆಯೊಳಗೆ ಏಳುತ್ತಿದ್ದ ಸದ್ದಿಗೆ ಮೂರನೇ ಕ್ಲಾಸಿನ ಮಕ್ಕಳು ಗುಡುಗೆಂದು ತಿಳಿದು ಕಿಟಕಿಯ ಕಡೆ ತಿರುಗುತ್ತಿದ್ದರು. ನಾನು ಅವರೆಕಾಳನ್ನು ಬಿಟ್ಟೆ, ಬದನೆಕಾಯಿಯನ್ನು ಬಿಟ್ಟೆ, ಶಾಲಾ ತನಿಖೆಗೆ ಬರುತ್ತಿದ್ದ ಸಾಹೇಬರನ್ನು ಮನಸ್ಸಿನಲ್ಲೇ ಬೈದೆ. ಹಾಲನ್ನು ಮಾತ್ರ ಅನುಮಾನಿಸಲಿಲ್ಲ. ಹಾಲನ್ನು ಅನುಮಾನಿಸುವುದು ಹೆತ್ತ ತಾಯಿಯನ್ನು ಅನುಮಾನಿಸಿದಂತೆ ಎಂದು ನಂಬಿದ್ದೆ. ನಾಡಿ ಹಿಡಿದು ನೋಡಿದ ಪಂಡಿತರು ದೇಹ ಸೊರಗಿದೆಯೆಂದು ಹೇಳಿ ಇನ್ನೂ ಅರ್ಧ ಲೋಟ ಹಾಲು ಹೆಚ್ಚಿಸಿದರು.

ಹೋದ ಆಷಾಢದಲ್ಲಿ ದನಗಳಿಗೆ ದೊಡ್ಡರೋಗ ಬಂದು ಕೊಟ್ಟಿಗೆ ಕೊಟ್ಟಿಗೆಯೇ ಬರಿದಾದದ್ದು ತಮಗೆ ತಿಳಿಯದ ಸಂಗತಿಯಲ್ಲ. ತಮ್ಮ ಎಮ್ಮೆಗಳೆರಡು ಉಳಿದವು. ಅದಕ್ಕಾಗಿ ನಾನು ನಿಜವಾಗಿಯೂ ದೇವರಿಗೆ ಕೈಮುಗಿದೆ. ಮಾರನೆಯ ದಿನ ತಾವು ನಮ್ಮ ಜಗಲಿಯ ಮುಂದೆ ನಿಂತು, "ಮೇಷ್ಟ್ರೆ, ನಾಳೆಯಿಂದ ಆಲಿಲ್ಲ ಕಣ್ರೀ, ಇರೋದ್ನೆಲ್ಲ ಓಟ್ಲಿನೋರ್ಗೆ ಒಪ್ಕಂಬುಟ್ಟಿವ್ನಿ" ಎಂದು ಬಹಳ ಸಂಕೋಚದಿಂದ ತಿಳಿಸಿ, ನನ್ನ ಉತ್ತರ ಕೇಳುವಷ್ಟು ಹೊತ್ತೂ ನಿಲ್ಲದೆ ಹೊರಟುಹೋದಿರಿ. ಆ ಒಂದು ದಿನದ ಮುನ್ಸೂಚನೆಯ ಔದಾರ್ಯಕ್ಕೆ ಈ ಮೂಲಕ ವಂದನೆ ಸಲ್ಲಿಸುತ್ತೇನೆ.

ನನ್ನ ಮಗ ಚನ್ನಬಸವಯ್ಯನಿಗೆ ದಿನಸಿ ಅಂಗಡಿ ಇರುವುದರಿಂದ ಮನೆಯಲ್ಲಿ ಹಾಲಿಲ್ಲದಿದ್ದರೂ ಕಡಲೆಕಾಯಿ ಬೀಜಕ್ಕೆ ಕೊರತೆ ಇರಲಿಲ್ಲ. ಅವನ ಹೆಂಡತಿ, ಅಂದರೆ ನನ್ನ ಸೊಸೆ ನೀಲಗಂಗಮ್ಮ, ಹಲ್ಲು ಬಿದ್ದ ತನ್ನ ಅಜ್ಜಿಗೆ ತವರಿನಲ್ಲಿ ಮಾಡಿಕೊಡುತ್ತಿದ್ದುದನ್ನು ಜ್ಞಾಪಿಸಿಕೊಂಡು, ಬೀಜದಿಂದಲೇ ಹಾಲು ತೆಗೆಯುತ್ತೇನೆಂದು ಹೊರಟಳು. ಮೊದಲ ದಿನ ಸರಿಯಾಗಿ ಕಾಯದೆ ಹಸಿ ವಾಸನೆ ಹೊಡೆಯಿತು. ಎರಡನೆಯ ದಿನ ಗಸಗಸೆ ಅರೆದು ಕೊಟ್ಟಳು. ಊಟವಾದ ಮೇಲೆ ಮಲಗಿದವನು ದೀಪ ಹಚ್ಚುವ ಹೊತ್ತಿಗೆ ಎದ್ದು, ಅದನ್ನು ಬೆಳಗಿನ ಜಾವವೆಂದು ತಿಳಿದು ಸ್ನಾನಕ್ಕೆ ನೀರು ಕೇಳಿದೆ. ತೆಂಗಿನಕಾಯಿ ಹಾಲು ಬಾಯಿಗೆ ಹಿತವಾಗಿತ್ತು, ಆದರೆ ಕಾಫಿಗೆ ಹಾಕಿದರೆ ಎಣ್ಣೆ ತೇಲಿತು.

ಕಡೆಗೆ ಅವಳು ಮತ್ತೆ ಕಡಲೆಕಾಯಿಗೇ ಬಂದಳು. ಬೀಜ ನೆನೆಹಾಕಿ, ಸಿಪ್ಪೆ ಉಜ್ಜಿ ತೆಗೆದು, ಒರಳಿನಲ್ಲಿ ನುಣ್ಣಗೆ ರುಬ್ಬಿ, ಹಳೆಯ ಸೀರೆಯ ತುಂಡಿನಲ್ಲಿ ಹಿಂಡಿ, ಸಣ್ಣ ಉರಿಯಲ್ಲಿ ತಳ ಹಿಡಿಯದಂತೆ ತಿರುವುತ್ತಾ ಕಾಯಿಸಿ, ಇಳಿಸುವಾಗ ಬೆಲ್ಲ, ಏಲಕ್ಕಿ, ಚಿಟಿಕೆ ಒಣಶುಂಠಿ ಹಾಕಿದಳು. ಆರಿದರೆ ಮೇಲೆ ಕೆನೆ ಕಟ್ಟುತ್ತಿತ್ತು. ಮೊದಲ ಗುಟುಕಿಗೆ ಬೆಂದ ಕಡಲೆಕಾಯಿಯ ಘಮ, ಆಮೇಲೆ ಬೆಲ್ಲ, ಲೋಟ ಕೆಳಗಿಟ್ಟ ಮೇಲೆ ಗಂಟಲಲ್ಲಿ ಶುಂಠಿ. ಎಂಟನೆಯ ದಿನ ನನಗೊಂದು ವಿಚಿತ್ರ ಅನುಭವವಾಯಿತು: ಹೊಟ್ಟೆಯೆಂಬುದೊಂದು ಇದೆ ಎಂಬುದೇ ಮರೆತುಹೋಗಿತ್ತು. ಶ್ರಾವಣ ಮುಗಿಯುವಷ್ಟರಲ್ಲಿ ಅರವತ್ತೆಂಟು ವರ್ಷದ ನಾನು ಕೆರೆ ಏರಿಯ ಆ ತುದಿಯವರೆಗೆ ನಡೆದು ಬರುವಷ್ಟು ಶಕ್ತನಾದೆ. ದಸರೆಯ ಹೊತ್ತಿಗೆ ನನ್ನ ಅಂಗಿಯ ಗುಂಡಿಗಳು ಹಾಕಲಾಗದಂತಾದವು.

ಅದೇ ದಸರೆಗೆ, ಹೋಟೆಲಿನವರೊಡನೆ ತಮಗೆ ಯಾವುದೋ ಮಾತು ಕೆಟ್ಟು, ತಾವು ಮತ್ತೆ ಹಾಲಿನ ತಂಬಿಗೆಯೊಡನೆ ನಮ್ಮ ಬಾಗಿಲಿಗೆ ದಯಮಾಡಿಸಿದಿರಿ. ನೀಲಗಂಗಮ್ಮ ಹೊರಗೆ ಬಂದು, "ಬ್ಯಾಡ ಪಾಪಣ್ಣ, ಮಾವಯ್ಯಂಗೆ ಇದೇ ಒಗ್ಗದೆ" ಎಂದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ; ನಾನು ಅಲ್ಲೇ ಇದ್ದೆ. ಆದರೂ ತಮ್ಮ ಮುಖ ಸಣ್ಣದಾಯಿತು, ಮತ್ತು ನನ್ನ ದೂರಿನ ಮುಖ್ಯ ಭಾಗ ಇಲ್ಲಿಂದಲೇ ಪ್ರಾರಂಭವಾಗುತ್ತದೆ.

ಮೇಷ್ಟರ ಸೊಸೆ ಮಾವನಿಗೆ ಎತ್ತಿಗೆ ಹಾಕುವ ಗಾಣದ ಹಿಂಡಿ ಕದಡಿ ಕುಡಿಸುತ್ತಾಳೆಂಬ ವರ್ತಮಾನವನ್ನು ತಾವು ಅಂದಿನಿಂದ ಹಾಲಿನೊಡನೆ ಮನೆಮನೆಗೆ ತಲುಪಿಸತೊಡಗಿದಿರಿ. ಹಾಲಿಗೆ ಅಷ್ಟು ಧಾರಾಳವಾಗಿ ನೀರು ಬೆರೆಸುವ ತಾವು ಈ ಸುದ್ದಿಯನ್ನು ಮಾತ್ರ ಒಂದು ಹನಿ ನೀರಿಲ್ಲದೆ ಗಟ್ಟಿಯಾಗಿ ಮಾರಿದಿರಲ್ಲ, ಅದೇ ನನಗೆ ಆಶ್ಚರ್ಯ. ಕೋಟೆ ಬೀದಿಯಲ್ಲಿ ಅದು ಹಿಂಡಿ ನೀರಾಗಿತ್ತು. ಹೊಗೆಸೊಪ್ಪಿನ ಗಾಡಿಗಳ ಮೇಲೆ ರಾಮನಾಥಪುರ ಮುಟ್ಟುವಷ್ಟರಲ್ಲಿ ನೀರು ಇಂಗಿ ಬರೀ ಹಿಂಡಿ ಉಳಿಯಿತು. ಹೊಳೆನರಸೀಪುರದಲ್ಲಿ ನನ್ನನ್ನು ಕೊಟ್ಟಿಗೆಗೆ ಸಾಗಿಸಲಾಯಿತು, ಚನ್ನರಾಯಪಟ್ಟಣದಲ್ಲಿ ಗೊಂತಿಗೆ ಕಟ್ಟಲಾಯಿತು. ಇನ್ನೆರಡು ಹರದಾರಿ ಹೋಗಿದ್ದರೆ ನನಗೆ ಕೊಂಬು ಮೂಡಿ ನೇಗಿಲಿಗೂ ಹೂಡುತ್ತಿದ್ದರೋ ಏನೋ.

ನಗುವುದಕ್ಕೆ ಇಷ್ಟು ಸಾಕು. ಮುಂದಿನದು ನಗುವ ವಿಷಯವಲ್ಲ.

ನೀಲಗಂಗಮ್ಮನಿಗೆ ಶಾಂತಕುಮಾರಿ ಎಂಬ ತಂಗಿ ಇದ್ದಾಳೆ. ತಂದೆಯಿಲ್ಲದ ಹುಡುಗಿ, ಅಕ್ಕನೇ ಮುಂದೆ ನಿಂತು ಚನ್ನರಾಯಪಟ್ಟಣದ ಬಸವಲಿಂಗಮ್ಮನವರ ಮಗನೊಡನೆ ಸಂಬಂಧ ಕುದುರಿಸಿದ್ದಳು. ಕಾರ್ತಿಕ ಮಾಸದಲ್ಲಿ ವೀಳ್ಯ ಬದಲಾಯಿಸುವುದೆಂದು ಮಾತಾಗಿತ್ತು. ದಿನ ಹತ್ತಿರ ಬಂದಾಗ ಅಲ್ಲಿಂದ ಕಾಗದ ಬಂತು. ಮಾವನಿಗೆ ಹಿಂಡಿ ಹಾಕಿದವಳ ಒಡಹುಟ್ಟಿದವಳನ್ನು ತಂದುಕೊಂಡರೆ ನಾಳೆ ನಮ್ಮ ಗತಿಯೇನು ಎಂಬುದು ಅದರ ಸಾರಾಂಶ. ಚನ್ನಬಸವಯ್ಯ ಕಾಗದವನ್ನು ಓದಿ ಹೇಳಿದ. ನೀಲಗಂಗಮ್ಮ ಅಳಲಿಲ್ಲ. ಒಲೆಯ ಮೇಲಿದ್ದ ಪಾತ್ರೆ ತಳ ಹಿಡಿಯುವ ವಾಸನೆ ಬಂತು. ಅವಳು ಎದ್ದು ಅದನ್ನು ಇಳಿಸಿ, ನನ್ನ ಲೋಟಕ್ಕೆ ಬಗ್ಗಿಸಿ, ತಂದು ನನ್ನ ಮುಂದೆ ಇಟ್ಟಳು. ಅಂದು ಅದನ್ನು ಕುಡಿಯಲು ನನ್ನಿಂದ ಆಗಲಿಲ್ಲ.

ಮಾರ್ಗಶಿರದ ಒಂದು ಸೋಮವಾರ, ಚನ್ನಬಸವಯ್ಯ ಬೇಡವೆಂದರೂ ಕೇಳದೆ, ಮುಚ್ಚಳದ ತಂಬಿಗೆಯಲ್ಲಿ ಕಡಲೆಕಾಯಿ ಹಾಲು ತುಂಬಿಸಿಕೊಂಡು ನಾನೊಬ್ಬನೇ ಬಸ್ಸು ಹತ್ತಿದೆ. ಯುದ್ಧದ ದೆಸೆಯಿಂದ ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ದಾರಿಯಲ್ಲಿ ಹದಿನಾಲ್ಕು ಸಲ ನಿಂತಿತು. ಎರಡು ದಿಣ್ಣೆಗಳಲ್ಲಿ ಪ್ರಯಾಣಿಕರೆಲ್ಲ ಇಳಿದು ತಳ್ಳಿದೆವು. ತಳ್ಳಿದವರಲ್ಲಿ ಗೊಂತಿಗೆ ಕಟ್ಟಿಸಿಕೊಂಡಿದ್ದ ನಾನೂ ಒಬ್ಬನೆಂಬುದನ್ನು ತಾವು ಗಮನಿಸಬೇಕು. ದಾರಿಯುದ್ದಕ್ಕೂ ತಮ್ಮನ್ನು ಹೇಗೆ ಬೈಯಬೇಕೆಂದು ವಾಕ್ಯಗಳನ್ನು ಜೋಡಿಸಿಕೊಳ್ಳುತ್ತಿದ್ದೆ.

ಬಸವಲಿಂಗಮ್ಮನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕೂರಲು ಚಾಪೆ ಹಾಕಿಸಿದರು. ತಂಬಿಗೆಯ ಮುಚ್ಚಳ ತೆಗೆದು ಮೂಸಿದರು, ಲೋಟಕ್ಕೆ ಬಗ್ಗಿಸಿಕೊಂಡು ಒಂದು ಗುಟುಕು ಕುಡಿದರು, ಇನ್ನೊಂದು ಗುಟುಕು ಕುಡಿದರು, ಆಮೇಲೆ ಲೋಟವನ್ನು ಕೆಳಗಿಟ್ಟು, "ರುಚಿ ಚೆನ್ನಾಗದೆ. ಆದ್ರೆ ಮೇಷ್ಟ್ರೆ, ಬೆಂಕಿ ಇಲ್ದೆ ಹೊಗೆ ಆಡಲ್ಲ. ಈ ಮಾತ ಮೊದ್ಲು ಹುಟ್ಸಿದ್ದು ಯಾರು? ಅವ್ರನ್ನ ಕರ್ಕಂಡು ಬಂದಿದ್ರೆ ನಂಬ್ತಿದ್ದೆ" ಎಂದರು.

ಪಾಪಯ್ಯನವರೇ, ತಮ್ಮ ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ಹದಿನಾಲ್ಕು ಸಲ ನಿಂತ ಬಸ್ಸಿನಲ್ಲಿ ಹದಿನಾಲ್ಕು ಸಲ ತಿದ್ದಿಕೊಂಡು ಬಂದ ವಾಕ್ಯಗಳಿದ್ದವು. ಆದರೆ ಆ ಹೆಂಗಸು ಕೇಳಿದ್ದು ಸುದ್ದಿಯನ್ನು ಹೊತ್ತವರು ಯಾರೆಂದಲ್ಲ, ಹುಟ್ಟಿಸಿದವರು ಯಾರೆಂದು. ನನ್ನ ಬಾಯಿಂದ ಹೊರಬಿದ್ದದ್ದು ಇಷ್ಟೇ: "ಬಂದವ್ನೆ ಕಣಮ್ಮ. ನಾನೇ."

ತಮಗೆ ಜ್ಞಾಪಕವಿರಬಹುದು. ಆಷಾಢದಲ್ಲಿ, ಹಸಿ ವಾಸನೆಯ ಮೊದಲ ಲೋಟ ಕುಡಿದ ದಿನ, ತಾವು ಹೋಟೆಲಿಗೆ ಹಾಲು ಹೊತ್ತು ಹೋಗುತ್ತಿದ್ದಾಗ ಜಗಲಿಯಿಂದ ಕೂಗಿ ನಿಲ್ಲಿಸಿ, "ಏನ್ ಹೇಳ್ಲಿ ಪಾಪಣ್ಣ, ಎತ್ತಿಗಾಕೋ ಹಿಂಡೀನ ಕದಡಿ ಕುಡುಸ್ತಾವ್ಳೆ ನಮ್ ಸೊಸೆ" ಎಂದವನು ನಾನು. ತಮಗೆ ಕನಿಕರ ಹುಟ್ಟಿ ಅರ್ಧ ಪಾವು ಹಾಲಾದರೂ ಇತ್ತ ಬಗ್ಗಿಸಲೆಂಬ ಆಸೆ ಅದರ ಹಿಂದಿತ್ತು. ತಾವು ನಕ್ಕಿರಿ, ಹಾಲು ಬಗ್ಗಿಸಲಿಲ್ಲ. ಮಾತು ಮಾತ್ರ ತಮ್ಮ ತಂಬಿಗೆಗೆ ಬಿತ್ತು. ಮೂವತ್ತೈದು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಾಪಿ ಬರೆಸಿದ ಹೆಡ್‌ಮಾಸ್ಟರು ಆಡಿದ ಮಾತದು.

ಬಸವಲಿಂಗಮ್ಮನವರು ಲೋಟವನ್ನು ಮತ್ತೆ ಎತ್ತಿಕೊಂಡು ಬರಿದು ಮಾಡಿದರು. ಆಮೇಲೆ, "ನನ್ ಮುಂದೆ ಹೇಳಿದ್ರೆ ಏನ್ ಬಂತು ಮೇಷ್ಟ್ರೆ? ಹೇಳ್ಬೇಕಾದೋಳ್ ಮುಂದೆ ಹೇಳಿದೀರಾ?" ಎಂದು ಕೇಳಿದರು. ಇಲ್ಲವೆಂದೆ. ಅವರು ತೊಳೆದ ತಂಬಿಗೆಯನ್ನು ನನ್ನ ಕೈಗಿತ್ತು, ಬಸ್ಸಿಗೆ ಹೊತ್ತಾಯಿತೆಂದರು.

ಮಾರನೆಯ ಬೆಳಿಗ್ಗೆ ನೀಲಗಂಗಮ್ಮ ಒರಳಿನ ಮುಂದೆ ಕುಳಿತು ಬೀಜ ರುಬ್ಬುತ್ತಿದ್ದಳು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಇನ್‌ಸ್ಪೆಕ್ಟರರ ಮುಂದೆ ಪಾಠ ಒಪ್ಪಿಸುವ ಹುಡುಗನಂತೆ, ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ನಂಗೊತ್ತಿತ್ತು ಮಾವಯ್ಯ" ಎಂದಳು. "ಜಗಲಿ ಮೇಲೆ ಆಡಿದ್ದು ಒರಳ ತಾವಿಕ್ಕೆ ಚೆನ್ನಾಗಿ ಕೇಳ್ತದೆ."

ಅವಳು ಅಂದೇ ಕೇಳಿಸಿಕೊಂಡಿದ್ದಳು. ಕೇಳಿಸಿಕೊಂಡು, ಮರುದಿನ ಗಸಗಸೆ ಅರೆದಳು, ಅದರ ಮರುದಿನ ಕಾಯಿ ತುರಿದಳು, ಆಮೇಲೆ ಐದು ತಿಂಗಳು ದಿನವೂ ಬೀಜ ನೆನೆಹಾಕಿದಳು. ನಾನು ದಪ್ಪಗಾಗುತ್ತಾ ಕುಳಿತಿದ್ದೆ. ಯಾಕಮ್ಮ ಒಂದು ಮಾತು ಕೇಳಲಿಲ್ಲ ಎಂದೆ. "ಹೊಟ್ಟೆ ಹಸ್ದೋರು ಏನೋ ಅಂತಾರೆ ಅನ್ಕಂಡೆ. ಶಾಂತಿ ತಲೆ ಮೇಲೆ ಬೀಳ್ತದೆ ಅಂತ ಗೊತ್ತಿರ್ನಿಲ್ಲ" ಎಂದಳು; ಆಗ ಮಾತ್ರ ಒರಳಿನ ಗುಂಡು ನಿಂತಿತು. ನಾನು ಅಲ್ಲಿಯೇ ಕುಳಿತು ಗುಂಡಿಗೆ ಕೈ ಹಾಕಿದೆ. ಅವಳು ಬೇಡವೆನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕಣ್ಣೊರೆಸಿಕೊಂಡು, "ನನ್ಗೆ ಹೇಳಿದ್ದು ಸಾಲ್ದು ಮಾವಯ್ಯ. ಮಾತು ಊರೂರ್ ಮೇಲೆ ಓಯ್ತಲ್ಲ, ಇದೂ ಓಗ್ಲಿ" ಎಂದಳು.

ಈ ಪತ್ರ ಬಹಿರಂಗವಾಗಿರುವುದಕ್ಕೆ ಕಾರಣ ಅದೇ. ಇದು ತಮ್ಮ ಮೇಲಿನ ದೂರೆಂದು ನಂಬಿ ಇಲ್ಲಿಯವರೆಗೆ ಸಂತೋಷದಿಂದ ಓದಿದವರು ಕ್ಷಮಿಸಬೇಕು. ಹೋದ ತಿಂಗಳು ಇಲ್ಲಿಯವರೆಗಿನ ಭಾಗದ ಮೊದಲ ಪ್ರತಿಯನ್ನು ಚನ್ನರಾಯಪಟ್ಟಣಕ್ಕೆ ಕಳಿಸಿದೆ. ಬಸವಲಿಂಗಮ್ಮನವರು ಅದನ್ನು ಮಗನಿಂದ ಎರಡು ಸಲ ಓದಿಸಿ ಕೇಳಿ, ಇದ್ದಿಲ ಬಸ್ಸಿನಲ್ಲಿ ತಾವೇ ಬಂದು, ನೆಟ್ಟಗೆ ನಮ್ಮ ಅಡುಗೆಮನೆಗೆ ಹೋಗಿ ನೀಲಗಂಗಮ್ಮನ ಪಕ್ಕದಲ್ಲಿ ಕುಳಿತರು. ಒಳಗೆ ಏನು ಮಾತಾಯಿತೋ ತಿಳಿಯದು. ನನ್ನನ್ನು ಬೀಜದ ಸಿಪ್ಪೆ ತೆಗೆಯಲು ಹಿತ್ತಿಲಿಗೆ ಕಳಿಸಿದ್ದರು. ಬರುವ ಫಾಲ್ಗುಣ ಶುದ್ಧ ದಶಮಿಗೆ ಮದುವೆ.

ಇಷ್ಟಾದರೂ ತಮ್ಮಲ್ಲಿ ನನ್ನ ಕೆಲವು ಬಿನ್ನಹಗಳು ಉಳಿದಿವೆ. ಮೂವತ್ತು ವರ್ಷದ ನನ್ನ ಹೊಟ್ಟೆನೋವನ್ನು ತಾವು ಅದೇ ತಂಬಿಗೆಯಲ್ಲಿ ಅಳೆದು ವಾಪಸು ತೆಗೆದುಕೊಳ್ಳಬೇಕು. ಕಡಲೆಕಾಯಿ ಗಿಡಕ್ಕೆ ಕೊಂಬು, ಬಾಲ, ಕೆಚ್ಚಲು ಇಲ್ಲವೆಂಬ ಕಾರಣದಿಂದ ಅದನ್ನು ತಮ್ಮ ಸಂಘದಿಂದ ಹೊರಗಿಡದೆ ಎರಡನೆಯ ಸದಸ್ಯನನ್ನಾಗಿ ಸೇರಿಸಿಕೊಳ್ಳಬೇಕು; ಅದು ಒದೆಯುವುದಿಲ್ಲ, ಕರುವಿನ ಪಾಲನ್ನು ಕಸಿಯಬೇಕಾಗಿಲ್ಲ, ದೊಡ್ಡರೋಗಕ್ಕೂ ಹೆದರುವುದಿಲ್ಲ. ತಾವು ನನ್ನ ಸುಳ್ಳನ್ನು ಎಷ್ಟು ಮನೆಗಳಿಗೆ ಹೊತ್ತಿರೋ ಅಷ್ಟೇ ಮನೆಗಳಿಗೆ ನನ್ನ ಈ ನಿಜವನ್ನೂ ಹೊರಬೇಕು. ನೀರು ಬೆರೆಸಿದರೂ ಚಿಂತೆಯಿಲ್ಲ, ತಲುಪಿದರೆ ಸಾಕು. ಮದುವೆಗೆ ಸಂಸಾರಸಮೇತರಾಗಿ ಬಂದು ಮೊದಲ ಪಂಕ್ತಿಯಲ್ಲೇ ಕುಳಿತುಕೊಳ್ಳಬೇಕು. ಪಾಯಸ ಯಾವ ಹಾಲಿನದೆಂದು ಬಡಿಸುವವರು ಹೇಳುವುದಿಲ್ಲ.

ಹಿಂಡಿಯಿಂದ ಕೊಬ್ಬಿರುವ, ತಮ್ಮೊಡನೆ ಅರ್ಧ ತಪ್ಪನ್ನು ಹಂಚಿಕೊಂಡಿರುವ
ತಮ್ಮ ವಿಶ್ವಾಸಿ,
ರುದ್ರಯ್ಯ

ತಾ.ಕ.: ತಮ್ಮ ಮನೆಯವರಾದ ಹೊನ್ನಕ್ಕನವರು ಮೊನ್ನೆ ಹಿತ್ತಿಲ ಬಾಗಿಲಿನಿಂದ ಬಂದು, ಬೀಜ ಎಷ್ಟು ಹೊತ್ತು ನೆನೆಯಬೇಕು, ಬಟ್ಟೆ ಎಷ್ಟು ತೆಳುವಿರಬೇಕು ಎಂದೆಲ್ಲ ನೀಲಗಂಗಮ್ಮನನ್ನು ಕೇಳಿ ತಿಳಿದುಕೊಂಡು ಹೋದರು. ನಾಲ್ಕು ದಿನದಿಂದ ಬೆಳಗಿನ ಕಾಫಿ ಬಹಳ ಚೆನ್ನಾಗಿದೆಯೆಂದೂ ಹೊಟ್ಟೆ ಹಗುರಾಗಿದೆಯೆಂದೂ ತಾವು ಸಂತೆಯಲ್ಲಿ ಹೇಳಿಕೊಳ್ಳುತ್ತಿದ್ದಿರಂತೆ. ಕಾರಣವನ್ನು ಯಜಮಾನರಿಗೆ ತಿಳಿಸಬಾರದೆಂದು ಹೊನ್ನಕ್ಕನವರು ಆಣೆ ಹಾಕಿಸಿಕೊಂಡಿರುವುದರಿಂದ ನಾನು ತಿಳಿಸುತ್ತಿಲ್ಲ.